ಹಿಂದಕ್ಕೆ ತುಳಿದರೆ ಬ್ರೇಕ್

ಮೊದಲ ಸಲ ಓದಿದಾಗ ನಾನು ನಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆದದ್ದೆಲ್ಲ ಆ ನಗುವಿನಿಂದಲೇ ಶುರುವಾಯಿತು.

ಮಡಿಕೇರಿಯಲ್ಲಿ ನಾವು ಆರು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು, ನಿವೃತ್ತ ನರ್ಸ್ ಒಬ್ಬರು, ನಾಪೋಕ್ಲು ಕಡೆಯ ಮೇಷ್ಟ್ರು, ಕಾಫಿ ತೋಟ ನೋಡಿಕೊಳ್ಳುವ ಗಂಡ ಹೆಂಡತಿ, ಮೆಡಿಕಲ್ ಮೊದಲ ವರ್ಷದ ಒಬ್ಬ ಹುಡುಗಿ. ಪ್ರತಿ ಸಲ ಒಬ್ಬರು ಒಂದು ಪದ್ಯವನ್ನೋ ಕಥೆಯನ್ನೋ ತಂದು ಉಳಿದವರಿಗೆ ಬಿಡಿಸಿ ಹೇಳಬೇಕು. ಇಂಗ್ಲಿಷಿನದಾದರೆ ಕನ್ನಡ ಮಾಡಿಕೊಂಡೇ ಬರಬೇಕು. ಆಗಸ್ಟ್ ತಿಂಗಳು ನನ್ನ ಸರದಿ. ಹೊರಗೆ ಜೋರು ಮಳೆ ಇರುತ್ತದೆ, ಎಲ್ಲರೂ ಒದ್ದೆ ಕೊಡೆ ಮೂಲೆಯಲ್ಲಿಟ್ಟು ಕೂತಿರುತ್ತಾರೆ, ಭಾರದ್ದು ಬೇಡ, ಕಥೆ ಹೇಳುವ ಪದ್ಯ ಇರಲಿ ಅಂದುಕೊಂಡೆ. ಇಂಗ್ಲಿಷ್ ಕವಿ ಡಬ್ಲ್ಯು. ಎಚ್. ಆಡನ್ 1937ರಲ್ಲಿ ಬರೆದ ‘ಮಿಸ್ ಗೀ’ ಆರಿಸಿಕೊಂಡೆ.

ಕಥೆ ಇಷ್ಟು. ಈಡಿತ್ ಗೀ ಅಂತ ಒಬ್ಬ ಮದುವೆಯಾಗದ ಹೆಂಗಸು. ಕ್ಲೀವ್‌ಡನ್ ಟೆರೇಸಿನ 83ನೇ ನಂಬರಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಎಡಗಣ್ಣಿನಲ್ಲಿ ಸ್ವಲ್ಪ ಮೆಳ್ಳೆ, ತೆಳು ತುಟಿ, ಇಳಿದ ಹೆಗಲು. ಚರ್ಚಿನ ಜಾತ್ರೆ ಮಾರಾಟಕ್ಕೆ ನೂಲಿನ ಬಟ್ಟೆ ಹೆಣೆಯುತ್ತಾಳೆ. ಸೈಕಲ್ ಹೊಡೆದುಕೊಂಡು ಸಂಜೆ ಪ್ರಾರ್ಥನೆಗೆ ಹೋಗುತ್ತಾಳೆ. ಒಂದು ರಾತ್ರಿ ವಿಚಿತ್ರ ಕನಸು ಕಾಣುತ್ತಾಳೆ. ಕೆಲವು ಕಾಲ ಕಳೆದು ಒಳಗೆ ನೋವು ಶುರುವಾಗುತ್ತದೆ. ಡಾಕ್ಟರ ಹತ್ತಿರ ಹೋಗುತ್ತಾಳೆ. ಆಸ್ಪತ್ರೆ, ಆಪರೇಷನ್ ಟೇಬಲ್, ಕೊನೆಗೆ ಶವ ಕೊಯ್ಯುವ ಕೋಣೆ. ಅಷ್ಟೇ.

ಇದನ್ನು ಆಡನ್ ಎಂಥ ಲಯದಲ್ಲಿ ಹೇಳುತ್ತಾನೆ ಅಂದರೆ, ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತದೆ. ನಾಲ್ಕು ನಾಲ್ಕು ಸಾಲು, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಪ್ರಾಸ. ನಮ್ಮ ಲಾವಣಿಯ ಹಾಗೆ, ‘ಒಂದು ಪುಟ್ಟ ಕಥೆ ಹೇಳ್ತೀನಿ ಕೇಳಿ’ ಅಂತಲೇ ಶುರು. ಸರ್ಜನ್ ಅವಳನ್ನು ಎರಡು ಭಾಗ ಮಾಡಿದ ಅನ್ನುವ ಸಾಲಿಗೆ ಬಂದಾಗ ಪ್ರಾಸದ ರಭಸಕ್ಕೆ ನನಗೆ ನಗು ಬಂತು. ಜೋರಾಗಿಯೇ ಬಂತು.

ಅವತ್ತೇ ರಾತ್ರಿ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದಿತ್ತು. ಮೂರು ದಿನ ಕರೆಂಟ್ ಇಲ್ಲ. ಫೋನಿನ ಚಾರ್ಜ್ ಉಳಿಸಬೇಕು, ಟಿವಿ ಇಲ್ಲ. ಪ್ರಿಂಟ್ ತೆಗೆದಿದ್ದ ಎರಡು ಹಾಳೆ, ಒಂದು ಎಮರ್ಜೆನ್ಸಿ ಲೈಟು, ಹೊರಗೆ ಹೆಂಚಿನ ಮೇಲೆ ಸುರಿಯುವ ನೀರು. ಪದ್ಯವನ್ನು ಮತ್ತೆ ಮತ್ತೆ ಓದುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ.

ನಾನು ಯಾವ ಪದ್ಯವನ್ನಾದರೂ ಮೊದಲು ಬಾಯಿಬಿಟ್ಟು ಓದುತ್ತೇನೆ. ಮಕ್ಕಳಿಗೂ ಅದನ್ನೇ ಹೇಳುವುದು. ಇದಕ್ಕೆ ಇನ್ನೊಂದು ಅನುಕೂಲ ಇತ್ತು. ಇದನ್ನು ‘ಸೇಂಟ್ ಜೇಮ್ಸ್ ಇನ್‌ಫರ್ಮರಿ’ ಎಂಬ ಹಾಡಿನ ಧಾಟಿಯಲ್ಲಿ ಹಾಡಬೇಕು ಅಂತ ಆಡನ್ ಸೂಚನೆ ಕೊಟ್ಟಿದ್ದಾನೆ. ಅಮೆರಿಕದ ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ಹಾಡಿದ ರೆಕಾರ್ಡ್ ನನ್ನ ಫೋನಿನಲ್ಲಿತ್ತು. ಉಳಿದಿದ್ದ ಚಾರ್ಜಿನಲ್ಲಿ ಅದನ್ನೇ ಎರಡು ಸಲ ಕೇಳಿದೆ. ನಿಧಾನದ, ಎಳೆದು ಎಳೆದು ಹಾಡುವ ಹಾಡು. ಅದರಲ್ಲಿ ಒಬ್ಬ ಆಸ್ಪತ್ರೆಗೆ ಹೋಗಿ ತನ್ನ ಪ್ರೇಯಸಿಯ ಹೆಣ ನೋಡುತ್ತಾನೆ. ಉದ್ದದ ಬಿಳಿ ಟೇಬಲ್ಲಿನ ಮೇಲೆ ಅವಳು ಮಲಗಿದ್ದಾಳೆ.

ಆ ಧಾಟಿಗೆ ಮಿಸ್ ಗೀ ಪದ್ಯವನ್ನು ಕೂರಿಸಿ ಗುನುಗಿದೆ. ಆಪರೇಷನ್ ಭಾಗ ಬಂದಾಗ ನಗು ಬರಲಿಲ್ಲ. ಅದೇ ಸಾಲು, ಅದೇ ಪ್ರಾಸ. ಓದುವಾಗ ಓಡುತ್ತಿದ್ದದ್ದು ಹಾಡುವಾಗ ಕಾಲೆಳೆಯುತ್ತದೆ. ಆಗ ಇನ್ನೊಂದು ಗೊತ್ತಾಯಿತು. ಹಳೆಯ ಹಾಡಿನಲ್ಲಿ ಟೇಬಲ್ ಇದೆ, ಹೆಣ ಇದೆ, ನೋಡಲು ಬಂದವನೂ ಇದ್ದಾನೆ. ಆಡನ್ ಟೇಬಲ್ ಇಟ್ಟುಕೊಂಡಿದ್ದಾನೆ, ಹೆಂಗಸನ್ನೂ ಇಟ್ಟುಕೊಂಡಿದ್ದಾನೆ. ನೋಡಲು ಬಂದವನನ್ನು ತೆಗೆದುಹಾಕಿದ್ದಾನೆ.

ಅಲ್ಲಿಂದ ನಾನು ನಿಧಾನ ಮಾಡಿದೆ. ಒಂದೊಂದೇ ವಸ್ತುವನ್ನು ಹಿಡಿದು ನೋಡತೊಡಗಿದೆ.

ಮೊದಲು ಬಟ್ಟೆ. ಮೈಮೇಲಿನದೆಲ್ಲ ಬೂದು ಬಣ್ಣದ ದಪ್ಪ ಬಟ್ಟೆ. ಆದರೆ ಮಳೆ ಬಂದರೆ ಹಾಕಲು ನೇರಳೆ ಬಣ್ಣದ ರೈನ್‌ಕೋಟ್ ಇದೆ, ಹಸಿರು ಕೊಡೆ ಇದೆ. ಅವಳ ಬದುಕಿನಲ್ಲಿ ಬಣ್ಣ ಇರುವುದು ಮಳೆ ಬಂದಾಗ ಮಾತ್ರ! ಬೇರೆ ಊರಿನವರಿಗೆ ಇದು ಸುಮ್ನೆ ಒಂದು ವಿವರ ಅನ್ನಿಸಬಹುದು. ಕೊಡಗಿನವಳಾದ ನನಗೆ ಹಾಗನ್ನಿಸಲಿಲ್ಲ. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ನಾವು ಒಬ್ಬರನ್ನೊಬ್ಬರು ಗುರುತು ಹಿಡಿಯುವುದೇ ಕೊಡೆ ಮತ್ತು ರೈನ್‌ಕೋಟಿನ ಬಣ್ಣದಿಂದ. ದೂರದಿಂದ ಹಸಿರು ಕೊಡೆ ಕಂಡರೆ ಯಾರು ಅಂತ ಗೊತ್ತಾಗುತ್ತದೆ, ಕೈ ಎತ್ತುತ್ತೇವೆ. ಮಿಸ್ ಗೀಯ ಹಸಿರು ಕೊಡೆ ನೋಡಿ ಕೈ ಎತ್ತಿದವರು ಪದ್ಯದಲ್ಲಿ ಯಾರೂ ಇಲ್ಲ.

ಆಮೇಲೆ ದುಡ್ಡು. ಒಂದು ರಾತ್ರಿ ಅವಳು ನಕ್ಷತ್ರ ನೋಡುತ್ತಾ ಕೇಳುತ್ತಾಳೆ: ಕ್ಲೀವ್‌ಡನ್ ಟೆರೇಸಿನಲ್ಲಿ ವರ್ಷಕ್ಕೆ ನೂರು ಪೌಂಡಿನಲ್ಲಿ ನಾನು ಬದುಕಿದ್ದೀನಿ ಅನ್ನೋದು ಯಾರಿಗಾದರೂ ಬೇಕಾ? ವಾರಕ್ಕೆ ಎರಡು ಪೌಂಡಿಗಿಂತ ಕಡಿಮೆ ಅಂತ ಲೆಕ್ಕ. ಇದಕ್ಕೂ ಎಂಟು ವರ್ಷ ಮುಂಚೆ, 1929ರಲ್ಲಿ, ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಒಂದು ಮಾತು ಹೇಳಿದ್ದರು. ಹೆಂಗಸು ಬರೆಯಬೇಕಾದರೆ ವರ್ಷಕ್ಕೆ 500 ಪೌಂಡ್ ಮತ್ತು ತನ್ನದೇ ಒಂದು ಕೋಣೆ ಬೇಕು ಅಂತ. ಮಿಸ್ ಗೀಗೆ ಕೋಣೆ ಇದೆ. ದುಡ್ಡು ಐದರಲ್ಲಿ ಒಂದು ಪಾಲು. ಒಂದನೇ ಮಹಾಯುದ್ಧದಲ್ಲಿ ಅಷ್ಟೊಂದು ಗಂಡಸರು ಸತ್ತಮೇಲೆ, 1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಜಾಸ್ತಿ ಇದ್ದರು. ಪತ್ರಿಕೆಗಳು ಅವರನ್ನು ‘ಹೆಚ್ಚುವರಿ ಹೆಂಗಸರು’ ಅಂತ ಕರೆದವು. ಮಿಸ್ ಗೀ ಅವರಲ್ಲಿ ಒಬ್ಬಳು ಅಂತ ಪದ್ಯ ಹೇಳುವುದಿಲ್ಲ. ಆದರೆ ಆ ಕಾಲದ ಓದುಗರಿಗೆ ಅಂಥವರು ಪ್ರತಿ ಬೀದಿಯಲ್ಲೂ ಗೊತ್ತಿದ್ದರು. ಒಂಟಿಯಾಗಿರುವುದು ಅವಳ ಸ್ವಭಾವ ಅಂತ ನಾವು ಅಂದುಕೊಳ್ಳುವ ಮೊದಲು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು ಅನ್ನಿಸಿತು.

ಚರ್ಚಿನ ಹೆಸರು ಸಂತ ಅಲೋಶಿಯಸ್. ನಮ್ಮ ಕಡೆಯ ಮಕ್ಕಳು ಓದಲು ಹೋಗುವುದೇ ಮಂಗಳೂರಿಗೆ, ಅಲೋಶಿಯಸ್ ಅಂದರೆ ಕಾಲೇಜು ಅಂತಲೇ ನಮಗೆ ಗೊತ್ತು. ಆ ಸಂತ ಹೆಸರಾದದ್ದು ಬ್ರಹ್ಮಚರ್ಯಕ್ಕೆ. ಆಡನ್ ಸುಮ್ನೆ ಆ ಹೆಸರು ಇಟ್ಟಿರಲಾರ. ಇನ್ನೊಂದು ವಿಷಯ ನಮ್ಮವರಿಗೆ ಬಿಡಿಸಿ ಹೇಳಬೇಕಿತ್ತು. ನಾವು ಇಲ್ಲಿ ಜಾಸ್ತಿ ನೋಡಿರುವುದು ಕ್ಯಾಥೊಲಿಕ್ ಫಾದರ್‌ಗಳನ್ನು. ಅವರು ಮದುವೆಯಾಗುವುದಿಲ್ಲ. ಪದ್ಯದ ವಿಕಾರ್ ಇಂಗ್ಲೆಂಡಿನ ಚರ್ಚಿನ ಪಾದ್ರಿ, ಅವನು ಮದುವೆ ಆಗಬಹುದು. ಹಾಗಾಗಿ ಕನಸಿನಲ್ಲಿ ಅವಳು ಫ್ರಾನ್ಸಿನ ರಾಣಿಯಾಗಿ, ಪಾದ್ರಿ ಬಂದು ತನ್ನ ಜೊತೆ ಕುಣಿಯಿರಿ ಅಂತ ಕೇಳುವುದು ಪಾಪದ ಕನಸು ಅಲ್ಲ. ಆಗಬಾರದ್ದೇನೂ ಅವಳು ಬಯಸಿಲ್ಲ. ಇಷ್ಟು ಸಣ್ಣ ಆಸೆಗೇ ಅವಳು ಹೆದರಿದಳಲ್ಲ ಅನ್ನುವುದು ನನ್ನನ್ನು ತುಂಬಾ ಹೊತ್ತು ಹಿಡಿದಿಟ್ಟಿತು.

ಯಾಕಂದ್ರೆ ಕನಸು ತಿರುಗಿಬಿಡುತ್ತದೆ. ಬಿರುಗಾಳಿ ಅರಮನೆಯನ್ನು ಬೀಳಿಸುತ್ತದೆ. ಅವಳು ಪೈರಿನ ಹೊಲದ ನಡುವೆ ಸೈಕಲ್ ತುಳಿಯುತ್ತಿದ್ದಾಳೆ. (ಇಂಗ್ಲೆಂಡಿನವರು ಕಾರ್ನ್ ಅಂದರೆ ಮೆಕ್ಕೆಜೋಳ ಅಲ್ಲ, ಗೋಧಿಯಂಥ ಪೈರು. ನಾನೂ ಮೊದಲು ಜೋಳ ಅಂತಲೇ ಬರೆದುಕೊಂಡಿದ್ದೆ.) ಹಿಂದೆ ಒಂದು ಗೂಳಿ ಅಟ್ಟಿಸಿಕೊಂಡು ಬರುತ್ತಿದೆ, ಅದಕ್ಕೆ ಪಾದ್ರಿಯ ಮುಖ. ಬೆನ್ನ ಮೇಲೆ ಅದರ ಬಿಸಿ ಉಸಿರು. ಸೈಕಲ್ ಮಾತ್ರ ನಿಧಾನ, ಇನ್ನೂ ನಿಧಾನ. ಕಾರಣ, ಆ ಬ್ಯಾಕ್ ಪೆಡಲ್ ಬ್ರೇಕ್.

ಇಲ್ಲಿ ನಾನು ನಿಂತೆ. ಬ್ಯಾಕ್ ಪೆಡಲ್ ಬ್ರೇಕ್ ಅಂದರೆ ಏನು? ನಾನು ಬೆಳೆದ ಶನಿವಾರಸಂತೆಯಲ್ಲಿ ಎಲ್ಲ ಸೈಕಲ್ಲಿಗೂ ಹ್ಯಾಂಡಲ್ಲಿನ ಕೆಳಗೆ ಕಂಬಿ ಬ್ರೇಕ್. ಪದ್ಯದ ಶುರುವಿನಲ್ಲೇ ಅವಳ ಸೈಕಲ್ಲಿಗೆ ಗಡುಸು ಬ್ಯಾಕ್ ಪೆಡಲ್ ಬ್ರೇಕ್ ಇದೆ ಅಂತ ಬಂದಿತ್ತು. ಬುಟ್ಟಿಯ ಜೊತೆ ಅದೂ ಒಂದು ಭಾಗ ಅಂತ ದಾಟಿ ಹೋಗಿದ್ದೆ.

ಕರೆಂಟ್ ಬಂದ ಮಾರನೇ ದಿನ ಕುಶಾಲನಗರಕ್ಕೆ ಹೋಗುವ ಕೆಲಸ ಇತ್ತು. ಮಡಿಕೇರಿಯ ಏರಿನಲ್ಲಿ ಸೈಕಲ್ ತುಳಿಯುವವರು ಕಡಿಮೆ, ಕುಶಾಲನಗರ ಸಮತಟ್ಟು. ಅಲ್ಲಿ ಒಬ್ಬ ವಯಸ್ಸಾದ ಸೈಕಲ್ ರಿಪೇರಿಯವರ ಅಂಗಡಿಗೆ ಹೋಗಿ ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ ಒಳಗಿಂದ ಒಂದು ಹಳೇ ಮಕ್ಕಳ ಸೈಕಲ್ ತಂದರು, ಯಾರೋ ಹೊರದೇಶದಿಂದ ತಂದು ಬಿಟ್ಟುಹೋದದ್ದಂತೆ. ಅದನ್ನು ತಲೆಕೆಳಗು ನಿಲ್ಲಿಸಿದರು. ಪೆಡಲನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರು. ಹಿಂದಿನ ಚಕ್ರ ಜೋರಾಗಿ ತಿರುಗಿತು. ಆಮೇಲೆ ಅದೇ ಪೆಡಲನ್ನು ಅಂಗೈಯಿಂದ ಸ್ವಲ್ಪ ಹಿಂದಕ್ಕೆ ಒತ್ತಿದರು. ಕಿರ್ರ್ ಅಂತ ಒಂದು ಸದ್ದು. ಚಕ್ರ ನಿಂತುಬಿಟ್ಟಿತು.

‘ಇದರಲ್ಲಿ ಕೈಯಲ್ಲಿ ಹಿಡಿಯೋಕೆ ಏನೂ ಇಲ್ಲ ಮೇಡಂ. ಹಬ್ ಒಳಗಡೆನೇ ಬ್ರೇಕ್ ಇರೋದು. ಮುಂದಕ್ಕೆ ಓಡ್ಸೋದೂ ಕಾಲು, ನಿಲ್ಸೋದೂ ಅದೇ ಕಾಲು.’

‘ಓಡಿಸುವಾಗ ಗೊತ್ತಿಲ್ಲದೆ ಬ್ರೇಕ್ ಬೀಳಬಹುದಾ?’ ಅಂತ ಕೇಳಿದೆ.

‘ಬೀಳುತ್ತೆ. ಅಭ್ಯಾಸ ಇಲ್ದೋರು, ಹೆದ್ರಿಕೊಂಡೋರು ಕಾಲು ಹಿಂದಕ್ಕೆ ಎಳ್ಕೋತಾರಲ್ಲ, ಆಗ ಬೀಳುತ್ತೆ.’

ನಾನೇ ಪೆಡಲ್ ಹಿಡಿದು ನಾಲ್ಕೈದು ಸಲ ಮಾಡಿ ನೋಡಿದೆ. ಮುಂದಕ್ಕೆ, ಹಿಂದಕ್ಕೆ. ಕೈಗೆ ಗ್ರೀಸ್ ಮೆತ್ತಿಕೊಂಡಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಸುಂಟಿಕೊಪ್ಪ ದಾಟುವವರೆಗೂ ಅದೇ ಸದ್ದು ತಲೆಯಲ್ಲಿ. ಮನಸ್ಸನ್ನು ಅದುಮಿಟ್ಟುಕೊಳ್ಳುವುದು ಅಂತ ನಾವು ಎಷ್ಟು ಸಲ ಪಾಠದಲ್ಲಿ ಹೇಳುತ್ತೇವೆ. ಆಡನ್ ಆ ಮಾತೇ ಆಡುವುದಿಲ್ಲ. ಒಂದು ಸೈಕಲ್ ಬ್ರೇಕ್ ಇಟ್ಟ. ತಪ್ಪಿಸಿಕೊಳ್ಳಲು ತುಳಿಯುವ ಕಾಲೇ ಹೆದರಿಕೆಯಿಂದ ಹಿಂದಕ್ಕೆ ಎಳೆದುಕೊಂಡು ಗಾಡಿಯನ್ನು ನಿಲ್ಲಿಸುತ್ತದೆ. ಹೊರಗಿನವರು ಯಾರೂ ಅವಳನ್ನು ಹಿಡಿದಿಲ್ಲ. ಹಿಡಿಯುವುದನ್ನು ಅವಳ ಕಾಲಿಗೇ ಕಲಿಸಿ ಆಗಿದೆ. ಇಡೀ ಪದ್ಯದಲ್ಲಿ ನನಗೆ ಅತಿ ದೊಡ್ಡ ಜಾಗ ಅಂತ ಕಂಡದ್ದು ಇದೇ.

ಇದಾದ ಮೇಲೆ ಕುತ್ತಿಗೆ ಕಂಡಿತು. ಅವಳು ಬಟ್ಟೆಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಪ್ರಾರ್ಥನೆಗೆ ಹೋಗುತ್ತಾಳೆ. ದಾರಿಯಲ್ಲಿ ಜೋಡಿಗಳನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಡಾಕ್ಟರ ಹತ್ತಿರ ಹೋಗುವಾಗಲೂ ಗುಂಡಿ ಕುತ್ತಿಗೆಯವರೆಗೆ. ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದಾಗ ಹೊದಿಕೆ ಕುತ್ತಿಗೆಯವರೆಗೆ. ಓದುವಾಗ ಒಂದು ಪಲ್ಲವಿಯ ಹಾಗೆ ಬಂದು ಹೋಗುತ್ತದೆ.

ನನಗೆ ಅತ್ತೆ ನೆನಪಾದರು. ಅಪ್ಪನ ಅಕ್ಕ.

ಅವರ ಬಗ್ಗೆ ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚನೆ ಮಾಡಿದೆ. ಅವರೂ ಮದುವೆಯಾಗಲಿಲ್ಲ. ಎರಡು ಸಂಬಂಧ ಬಂದು ಹೋದವು, ಆಮೇಲೆ ಯಾರೂ ಬರಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನವರಿಗೆಲ್ಲ ಬ್ಲೌಸ್ ಹೊಲಿಯುತ್ತಿದ್ದರು. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಾದರೂ ಮಿಷನ್ ಸದ್ದು ನಿಲ್ಲುತ್ತಿರಲಿಲ್ಲ. ಕುತ್ತಿಗೆಯಲ್ಲಿ ಅಳತೆ ಟೇಪು, ಅದರ ಮೇಲೆ ಬಿಗಿಯಾಗಿ ಎಳೆದುಕೊಂಡ ಸೆರಗು. ಎಷ್ಟೋ ಹೆಣ್ಣುಮಕ್ಕಳ ಎದೆಯಳತೆ ಅವರ ನೋಟ್ ಬುಕ್ಕಿನಲ್ಲಿತ್ತು. ತಮ್ಮ ಎದೆಯಲ್ಲಿ ಗಂಟು ಬಂದಾಗ ಒಂದು ವರ್ಷಕ್ಕೂ ಜಾಸ್ತಿ ಯಾರಿಗೂ ಹೇಳಲಿಲ್ಲ. ಹುಣ್ಣಾಗಿ ಬ್ಲೌಸಿಗೆ ಕಲೆ ಆದಾಗ ಅಮ್ಮನ ಕಣ್ಣಿಗೆ ಬಿತ್ತು. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಆಗ ಪಿಯುಸಿ. ಜೊತೆಗೆ ಹೋಗಿದ್ದೆ.

ಡಾಕ್ಟರ್ ಕೇಳಿದ್ದು ಒಂದೇ ಮಾತು: ‘ಮೊದ್ಲೇ ಯಾಕೆ ಬರ್ಲಿಲ್ಲಮ್ಮ?’

ಅತ್ತೆ ಉತ್ತರ ಕೊಡಲಿಲ್ಲ. ಸೆರಗನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಗೋಡೆ ನೋಡಿದರು.

ಪದ್ಯದ ಡಾಕ್ಟರ್ ಥಾಮಸ್ ಕೈ ತೊಳೆದುಕೊಂಡು ಕೇಳುವುದೂ ಅದೇ ಮಾತು, ನೀವು ಮೊದಲೇ ಯಾಕೆ ಬರಲಿಲ್ಲ. ಎಮರ್ಜೆನ್ಸಿ ಲೈಟಿನಲ್ಲಿ ಆ ಸಾಲನ್ನು ಓದಿದ್ದ ಮೊದಲ ಐದಾರು ಸಲ ನನಗೆ ಏನೂ ಅನ್ನಿಸಿರಲಿಲ್ಲ. ಕುತ್ತಿಗೆ ಕಂಡ ಮೇಲೆ ಓದಿದಾಗ ಹಾಳೆ ಕೆಳಗಿಟ್ಟೆ.

ಅತ್ತೆ ಹೋದ ಮೇಲೆ ಹದಿಮೂರು ದಿನವೂ ಮನೆಗೆ ಬಂದವರು ಹೇಳಿದ್ದು ಒಂದೇ. ‘ಪಾಪ, ಗಂಡ ಇಲ್ಲ, ಮಕ್ಕಳಿಲ್ಲ. ಒಳಗೊಳಗೇ ಕೊರಗಿದ್ಳು. ಅದಕ್ಕೇ ಬಂತು ಆ ಕಾಯಿಲೆ.’ ಹೇಳಿದವರೆಲ್ಲ ಒಳ್ಳೆಯವರೇ, ಕಣ್ಣೀರು ಹಾಕಿಯೇ ಹೇಳಿದ್ದು. ನಾನೂ ನಂಬಿದೆ. ಇಪ್ಪತ್ತು ವರ್ಷ ನಂಬಿದ್ದೆ.

ಡಾಕ್ಟರ್ ಥಾಮಸ್ ರಾತ್ರಿ ಊಟಕ್ಕೆ ಕೂತು ಬ್ರೆಡ್ಡನ್ನು ಬೆರಳಿನಲ್ಲಿ ಉಂಡೆ ಕಟ್ಟುತ್ತಾ ಹೆಂಡತಿಗೆ ಹೇಳುವುದು ಇದನ್ನೇ. ಮಕ್ಕಳಿಲ್ಲದ ಹೆಂಗಸರಿಗೆ ಕ್ಯಾನ್ಸರ್ ಬರುತ್ತದೆ, ಕೆಲಸದಿಂದ ನಿವೃತ್ತರಾದ ಗಂಡಸರಿಗೆ ಬರುತ್ತದೆ, ಒಳಗಿನ ಸೃಷ್ಟಿಯ ಬೆಂಕಿಗೆ ದಾರಿ ಸಿಗದಿದ್ದರೆ ಹೀಗೆ ಹೊರಗೆ ಬರುತ್ತದೇನೋ ಅಂತ. ಈ ಭಾಗವನ್ನು ನಾನು ಬಹಳ ದಿನ ತಿರುವಿ ಹಾಕಿದೆ. ಆಡನ್‌ಗೆ ಆ ಕಾಲದಲ್ಲಿ ಇಂಥ ವಿಚಾರಗಳಲ್ಲಿ ನಂಬಿಕೆ ಇತ್ತು. ಹೋಮರ್ ಲೇನ್, ಗೇಯಾರ್ಗ್ ಗ್ರೋಡೆಕ್ ಎಂಬಿಬ್ಬರ ಮಾತು ಅವನ ಮೇಲೆ ಪ್ರಭಾವ ಬೀರಿತ್ತು. ಮನಸ್ಸು ಅದುಮಿಟ್ಟದ್ದು ಮೈಯಲ್ಲಿ ಕಾಯಿಲೆಯಾಗಿ ಏಳುತ್ತದೆ ಅನ್ನುವ ವಿಚಾರ ಅದು. ಅವನ ಅಪ್ಪನೂ ಡಾಕ್ಟರ್. ಆಡನ್ ಪ್ರೀತಿಸಿದ್ದು ಗಂಡಸರನ್ನು, ಅದು ಇಂಗ್ಲೆಂಡಿನಲ್ಲಿ 1967ರವರೆಗೂ ಅಪರಾಧ. ಅದುಮಿಟ್ಟುಕೊಂಡು ಬದುಕುವುದು ಅಂದರೇನು ಅಂತ ಅವನಿಗೆ ಪುಸ್ತಕದಿಂದ ಗೊತ್ತಾಗಬೇಕಿರಲಿಲ್ಲ.

ಆದರೆ ಪದ್ಯವನ್ನೇ ಸರಿಯಾಗಿ ನೋಡಿ. ಡಾಕ್ಟರ್ ಶುರು ಮಾಡುವುದು ಹೇಗೆ? ಕಾರಣ ಯಾರಿಗೂ ಗೊತ್ತಿಲ್ಲ, ಕೆಲವರು ಗೊತ್ತಿದೆ ಅಂತ ನಟಿಸುತ್ತಾರೆ ಅಂತ. ಮರು ಚರಣದಲ್ಲೇ ತಾನೇ ಕಾರಣ ಹೇಳುತ್ತಾನೆ! ಅವನೂ ನಟಿಸುವವರಲ್ಲೇ ಒಬ್ಬ ಅಂತ ಅವನ ಬಾಯಿಂದಲೇ ಗೊತ್ತಾಗುತ್ತದೆ. ಮುಂದೆ ಸರ್ಜನ್ ಅದನ್ನು ಸಾರ್ಕೋಮಾ ಅನ್ನುತ್ತಾನೆ. ಅದು ಮೂಳೆ, ಸ್ನಾಯು, ಕೊಬ್ಬಿನಂಥ ಭಾಗಗಳಲ್ಲಿ ಏಳುವ ಅಪರೂಪದ ಕ್ಯಾನ್ಸರ್, ದೊಡ್ಡವರ ಕ್ಯಾನ್ಸರಿನಲ್ಲಿ ನೂರಕ್ಕೆ ಒಂದರಷ್ಟು. ಮಕ್ಕಳಿಲ್ಲದಿರುವುದಕ್ಕೂ ಅದಕ್ಕೂ ಸಂಬಂಧ ಕಟ್ಟಲು ಆಗುವುದಿಲ್ಲ. ಕವಿ ಏನು ನಂಬಿದ್ದನೋ ಇರಲಿ, ಪದ್ಯ ಅವನಿಗಿಂತ ಬುದ್ಧಿವಂತ ಅಂತ ನನ್ನ ತೀರ್ಮಾನ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1978ರಲ್ಲಿ ಕಾಯಿಲೆಯ ಬಗ್ಗೆ ನಾವು ಕಟ್ಟುವ ಕಥೆಗಳ ಮೇಲೆ ಬರೆದಾಗ ಈ ಪದ್ಯವನ್ನೂ ತೆಗೆದುಕೊಂಡಿದ್ದರು. ಮನಸ್ಸಿನಿಂದ ಕ್ಯಾನ್ಸರ್ ಬಂತು ಅಂದರೆ ರೋಗಿಯ ಮೇಲೆಯೇ ತಪ್ಪು ಹೊರಿಸಿದಂತೆ ಅಂತ ಅವರ ವಾದ. ಅವರಿಗೂ ಆಗ ಕ್ಯಾನ್ಸರ್ ಆಗಿತ್ತು.

ಆಗಸ್ಟ್ ಎರಡನೇ ಭಾನುವಾರ ಸೇರಿದ್ದು ಸಿಸ್ಟರ್ ಮನೆಯಲ್ಲಿ. ನಿವೃತ್ತರಾಗಿ ಎಷ್ಟು ವರ್ಷವಾದರೂ ನರ್ಸನ್ನು ನಾವೆಲ್ಲ ಸಿಸ್ಟರ್ ಅಂತಲೇ ಕರೆಯುವುದು. ಬಿಸಿ ಕಾಫಿ, ಅಕ್ಕಿ ರೊಟ್ಟಿ, ಕಣಿಲೆ ಪಲ್ಯ. ನಾನು ಕನ್ನಡದಲ್ಲಿ ಓದಿದೆ. ಮೊದಲು ಲಾವಣಿಯ ಹಾಗೆ ಬೇಗ ಬೇಗ ಓದಿದೆ, ಬೇಕೆಂದೇ. ತೋಟದ ದಂಪತಿ ನಕ್ಕರು. ಮೇಷ್ಟ್ರೂ ನಕ್ಕರು. ಆಪರೇಷನ್ ಭಾಗದಲ್ಲಿ ವಿದ್ಯಾರ್ಥಿಗಳು ಅವಳನ್ನು ನೋಡಿ ನಗಲು ಶುರುಮಾಡಿದರು ಅನ್ನುವ ಸಾಲು ಬಂತು. ಕೋಣೆಯಲ್ಲಿ ನಗು ತಟ್ಟನೆ ನಿಂತಿತು.

‘ನಾವೂ ಅವರ ಜೊತೆನೇ ನಿಂತಿದ್ವಲ್ಲ,’ ಅಂದರು ತೋಟದ ಯಜಮಾನರು, ಮೆಲ್ಲಗೆ.

ಹೌದು. ಮೆಳ್ಳೆಗಣ್ಣು, ಎದೆಯೇ ಇಲ್ಲದ ಮೈ ಅಂತ ಮೊದಲ ಸಾಲುಗಳಿಂದಲೇ ಪದ್ಯ ನಮ್ಮನ್ನು ನಗಿಸುತ್ತಾ ಕರೆದುಕೊಂಡು ಹೋಗುತ್ತದೆ. ಆ ಟೇಬಲ್ಲಿನ ಸುತ್ತ ನಿಲ್ಲಿಸುವವರೆಗೂ ನಾವು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಗೊತ್ತಾಗುವುದಿಲ್ಲ. ಇದು ಆಡನ್ ಮಾಡಿದ ಕ್ರೂರ ತಮಾಷೆ ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲಿನಿಂದಲೂ ಅಳಿಸುತ್ತಾ ಬಂದಿದ್ದರೆ ನಾವು ಪಾಪ ಅಂದು ಮನೆಗೆ ಹೋಗುತ್ತಿದ್ದೆವು.

ಸಿಸ್ಟರ್ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಟೀಚರ್, ಮೊದ್ಲೇ ಯಾಕೆ ಬರ್ಲಿಲ್ಲ ಅನ್ನೋದನ್ನ ನಾನೂ ಎಷ್ಟೋ ಜನರಿಗೆ ಕೇಳಿದ್ದೀನಿ. ಉತ್ತರ ಬರೋವರೆಗೆ ನಿಂತು ಕೇಳ್ಲಿಲ್ಲ.’

ಅತ್ತೆಯ ವಿಷಯ ಆಗ ನಾನು ಹೇಳಿದೆ. ಕೊರಗಿನಿಂದ ಬಂತು ಅಂತ ನಂಬಿದ್ದನ್ನೂ ಹೇಳಿದೆ. ಸಿಸ್ಟರ್ ತಲೆ ಅಲ್ಲಾಡಿಸಿದರು. ಹೆರದವರಿಗೆ, ಹಾಲೂಡಿಸದವರಿಗೆ ಎದೆಯ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಬರುವುದು ನಿಜ. 18ನೇ ಶತಮಾನದ ಆರಂಭದಲ್ಲೇ ಇಟಲಿಯ ವೈದ್ಯ ರಾಮಾಝಿನಿ ಕ್ರೈಸ್ತ ಸನ್ಯಾಸಿನಿಯರಲ್ಲಿ ಇದನ್ನು ಗಮನಿಸಿದ್ದ. ಆದರೆ ಅದು ಹಾರ್ಮೋನಿನ ಲೆಕ್ಕ, ಕೊರಗಿನ ಲೆಕ್ಕ ಅಲ್ಲ. ಹತ್ತು ಮಕ್ಕಳನ್ನು ಹೆತ್ತು ನಗುನಗುತ್ತಾ ಇದ್ದವರಿಗೂ ಬಂದದ್ದನ್ನು ಅವರು ವಾರ್ಡಿನಲ್ಲಿ ನೋಡಿದ್ದಾರೆ. ‘ನಿಮ್ಮತ್ತೆಗೆ ಕೊರಗಿಂದ ಕಾಯಿಲೆ ಬರ್ಲಿಲ್ಲ. ನಾಚಿಕೆಯಿಂದ ತಡ ಆಯ್ತು. ಎರಡೂ ಬೇರೆ.’

ಈ ಮಾತಿಗಾಗಿ ನಾನು ಯಾವ ಪುಸ್ತಕದಲ್ಲಿ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಪದ್ಯದಲ್ಲೂ ಹಾಗೆಯೇ ಅಲ್ವಾ? ಗುಂಡಿ, ಬ್ರೇಕ್, ಕುತ್ತಿಗೆಯವರೆಗಿನ ಹೊದಿಕೆ, ಇವು ಗೆಡ್ಡೆಯನ್ನು ಬೆಳೆಸಲಿಲ್ಲ. ಬಾಯಿ ಮುಚ್ಚಿಸಿದವು.

ಮೇಷ್ಟ್ರು ಕೊಡವರ ಪುಟ್ಟ ವಾದ್ಯ ದುಡಿಯ ಮಾತು ತೆಗೆದರು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಎಂಬ ಕೊಡವ ಜನಪದ ಹಾಡುಗಳ ಪುಸ್ತಕದಲ್ಲಿ ಮದುವೆಯ ಹಾಡುಗಳಿರುವ ಹಾಗೆ ಸಾವಿನ ಹಾಡುಗಳೂ ಇವೆ. ‘ನಾಲ್ಕು ಜನ ದುಡಿ ಹಿಡಿದು ಹಾಡ್ತೇವೆ. ಇಬ್ಬರು ಹೇಳಿದ್ದನ್ನ ಇನ್ನಿಬ್ಬರು ಮತ್ತೆ ಹೇಳ್ತಾರೆ. ಇವಳಿಗೂ ಹಾಡು ಇದೆ, ಕಥೆ ಇದೆ. ಮತ್ತೆ ಹೇಳೋರು ಮಾತ್ರ ಇಲ್ಲ.’ ಅವರು ಮೇಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಹಾಕುತ್ತಾ ನನ್ನ ಕನ್ನಡದ ಎರಡು ಸಾಲು ಹೇಳಿ ನೋಡಿದರು. ಕೂತಿತು.

ಕೊನೆಯ ಭಾಗಕ್ಕೆ ಮೆಡಿಕಲ್ ಹುಡುಗಿಯ ಸಹಾಯ ಬೇಕಾಯಿತು. ಸತ್ತ ಮಿಸ್ ಗೀಯನ್ನು ಅಂಗರಚನೆ ಕಲಿಸುವ ವಿಭಾಗಕ್ಕೆ ತಳ್ಳಿಕೊಂಡು ಹೋಗುತ್ತಾರೆ. ಇದು ಬರೀ ಭಯ ಹುಟ್ಟಿಸಲು ಇಟ್ಟದ್ದು ಅಂತ ನಾನು ಅಂದುಕೊಂಡಿದ್ದೆ. ಇಂಗ್ಲೆಂಡಿನ 1832ರ ಕಾನೂನು ಓದಿದ ಮೇಲೆ ಅರ್ಥವಾಯಿತು. ಯಾರೂ ಕೇಳಿಕೊಂಡು ಬಾರದ ಹೆಣವನ್ನು ಕಲಿಕೆಗೆ ಕೊಡಬಹುದು ಅಂತ ಆ ಕಾನೂನು. ನಾನು ಬದುಕಿದ್ದೀನಿ ಅನ್ನೋದು ಯಾರಿಗಾದರೂ ಬೇಕಾ ಅಂತ ಅವಳು ನಕ್ಷತ್ರಕ್ಕೆ ಕೇಳಿದ್ದಳಲ್ಲ, ಪದ್ಯ ಕೊಡುವ ಉತ್ತರ ಇದು.

‘ನಮಗೆ ಮೊದಲನೇ ದಿನ ಪ್ರತಿಜ್ಞೆ ಮಾಡಿಸ್ತಾರೆ ಆಂಟಿ,’ ಅಂದಳು ಹುಡುಗಿ. ‘ಆ ದೇಹಕ್ಕೆ ಗೌರವ ಕೊಡ್ತೀವಿ ಅಂತ. ಅವರೇ ನಮ್ಮ ಮೊದಲ ಟೀಚರ್ ಅಂತಾರೆ. ನಗೋ ಹಾಗಿಲ್ಲ.’ ಅವಳ ಕಣ್ಣು ತುಂಬಿತ್ತು. ‘ನನ್ನ ಟೇಬಲ್ಲಿನಲ್ಲಿ ಇರೋದು ಒಬ್ಬ ಅಜ್ಜಿ.’

ಕಡೆಯ ಎರಡು ಸಾಲಿನಲ್ಲಿ ಅವಳ ಮೊಣಕಾಲನ್ನು ಜಾಗ್ರತೆಯಿಂದ 
ಕೊಯ್ಯುವವರು ‘ಆಕ್ಸ್‌ಫರ್ಡ್ ಗ್ರೂಪಿನವರು’. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗರು ಅಂತ ನಾನು ಮೊದಲು ತಿಳಿದಿದ್ದೆ. ಅಲ್ಲ. ಅದು ಫ್ರಾಂಕ್ ಬುಕ್‌ಮನ್ ಎಂಬ ಅಮೆರಿಕದ ಪಾದ್ರಿ ಕಟ್ಟಿದ ಧಾರ್ಮಿಕ ಚಳವಳಿ. ಪೂರ್ಣ ಪ್ರಾಮಾಣಿಕತೆ, ಪೂರ್ಣ ಶುದ್ಧತೆ, ಪೂರ್ಣ ನಿಸ್ವಾರ್ಥ, ಪೂರ್ಣ ಪ್ರೀತಿ ಅವರ ನಾಲ್ಕು ನಿಯಮ. ಶುದ್ಧತೆಯ ವ್ರತ ಹಿಡಿದವರ ಕೈಗೇ ಅವಳು ಕೊನೆಗೂ ಸಿಕ್ಕಿದಳು. ಅವರು ಹಿಡಿದದ್ದು ಮೊಣಕಾಲು. ಚರ್ಚಿನಲ್ಲಿ ಅವಳು ನೆಲಕ್ಕೆ ಊರಿದ್ದ ಮೊಣಕಾಲು, ನನ್ನನ್ನು ಒಳ್ಳೇ ಹುಡುಗಿ ಮಾಡು ದೇವರೇ ಅಂತ ಬೇಡಿದಾಗ ಊರಿದ್ದದ್ದು.

ಇದನ್ನು ಹೇಳುತ್ತಿದ್ದಾಗ ನನ್ನ ಕನ್ನಡದಲ್ಲೇ ಒಂದು ತಪ್ಪು ಕಂಡಿತು. ಚರ್ಚಿನ ಭಾಗದಲ್ಲಿ ‘ಮಂಡಿಯೂರಿದಳು’ ಅಂತ ಬರೆದಿದ್ದೆ, ಕೊನೆಯಲ್ಲಿ ‘ಮೊಣಕಾಲು’ ಅಂತ. ಇಂಗ್ಲಿಷಿನಲ್ಲಿ ಎರಡೂ ಕಡೆ ಒಂದೇ ಪದ. ಸಿಸ್ಟರ್ ಹತ್ತಿರ ಪೆನ್ ಇಸಿದುಕೊಂಡು ಅಲ್ಲೇ ‘ಮೊಣಕಾಲು’ ಹೊಡೆದುಹಾಕಿ ‘ಮಂಡಿ’ ಅಂತ ಬರೆದೆ. ‘ಇನ್ನೊಂದ್ಸಲ ಓದಿ ಟೀಚರ್, ಚರ್ಚಿಂದ ಓದಿ,’ ಅಂದರು ಅವರು. ಈ ಸಲ ನಿಧಾನವಾಗಿ, ಆಸ್ಪತ್ರೆಯ ಹಾಡಿನ ಧಾಟಿಯಲ್ಲಿ ಓದಿದೆ. ಮೇಷ್ಟ್ರು ಮೇಜಿನ ಮೇಲೆ ಬೆರಳಾಡಿಸುತ್ತಿದ್ದರು. ಪ್ರತಿ ಎರಡು ಸಾಲಿಗೊಮ್ಮೆ ಸಿಸ್ಟರ್ ಮತ್ತು ಆ ಹುಡುಗಿ ಕೊನೆಯ ಪದವನ್ನು ನನ್ನ ಹಿಂದೆಯೇ ಹೇಳತೊಡಗಿದರು.